ಅರಸನಿಗಲ್ಲ, ಅರಸನಿಗಾಗಿ: ಆದಿ ಕ್ರೈಸ್ತ ಸಭೆಯ ಬಿನ್ನಹಗಳಲ್ಲಿ ಆಳುವವರು

ಕ್ರಿ.ಶ. 180ರ ಜುಲೈ 17. ಕಾರ್ಥೇಜಿನಲ್ಲಿ ಪ್ರಾಂತಾಧಿಪತಿ ಸಾಟರ್ನಿನಸನ ಮುಂದೆ ಸಿಲ್ಲಿ ಎಂಬ ಊರಿನ ಕ್ರೈಸ್ತರು ವಿಚಾರಣೆಗೆ ನಿಂತಿದ್ದರು. ಚಕ್ರವರ್ತಿಯ ಕಾವಲುದೈವದ ಮೇಲೆ ಆಣೆಯಿಡಿ ಎಂಬುದು ಅಧಿಪತಿಯ ಒತ್ತಾಯ. ಅವರ ಪರವಾಗಿ ಮಾತನಾಡಿದ ಸ್ಪೆರಾಟಸ್, ತಾನು ಕದ್ದವನಲ್ಲ, ಕೊಂಡ ವಸ್ತುವಿಗೆ ತೆರಿಗೆ ಕಟ್ಟುವವನು ಎಂದ. ಕೈಸರನಿಗೆ ಕೈಸರನೆಂಬ ಗೌರವ ಸಲ್ಲುತ್ತದೆ, ಭಯಭಕ್ತಿ ಮಾತ್ರ ದೇವರಿಗೆ ಎಂದು ದೊನಾತ ಎಂಬ ಮಹಿಳೆ ಬಿಡಿಸಿ ಹೇಳಿದಳು. ಹನ್ನೆರಡು ಮಂದಿಯ ಶಿರಚ್ಛೇದವಾಯಿತು. ತೆರಿಗೆಗೂ ಗೌರವಕ್ಕೂ ಒಪ್ಪಿದವರು ಆಣೆಯೊಂದಕ್ಕೆ ಒಪ್ಪದೆ ಪ್ರಾಣ ಬಿಟ್ಟರು.

ಇದನ್ನು ಹಟವೆಂದು ಓದುವವರಿದ್ದಾರೆ. ನನಗೆ ಇಲ್ಲಿ ಕಾಣುವುದು ಬೇರೆ. ಅದನ್ನು ಹೇಳಲು ಕನ್ನಡದ ವಿಭಕ್ತಿಯೇ ನೆರವಿಗೆ ಬರುತ್ತದೆ. ಅರಸನಿಗೆ ಮಾಡುವ ಪ್ರಾರ್ಥನೆ ಒಂದು, ಅರಸನಿಗಾಗಿ ಮಾಡುವ ಪ್ರಾರ್ಥನೆ ಇನ್ನೊಂದು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಎರಡನೆಯ ಅಧ್ಯಾಯ ಅರಸರನ್ನೂ ಅಧಿಕಾರದಲ್ಲಿರುವವರನ್ನೂ ಹೆಸರಿಸುವಾಗ ಬಳಸುವ ಗ್ರೀಕ್ ಪದ 'ಹ್ಯೂಪೆರ್'. ಅದರ ಅರ್ಥ 'ಪರವಾಗಿ'. ಆಳುವವನು ಈ ಒಂದು ಪದದಿಂದ ಪೂಜಾಪೀಠದಿಂದ ಇಳಿದು, ದೇವರ ದಯೆ ಬೇಕಾದವರ ಸಾಲಿನಲ್ಲಿ ಕುಳಿತ. ಆದರೆ ಅವನನ್ನು ಮರೆಯಲಿಲ್ಲ, ಶಪಿಸಲಿಲ್ಲ.

ಈ ವಾಡಿಕೆ ಕ್ರೈಸ್ತರದೇ ಆವಿಷ್ಕಾರವಲ್ಲ. ಬಾಬಿಲೋನಿಗೆ ಸೆರೆಹೋದವರಿಗೆ ಆ ನಗರದ ಕ್ಷೇಮವನ್ನೇ ಬಯಸಿರೆಂದು ಯೆರೆಮೀಯನು ಪತ್ರ ಬರೆದಿದ್ದ. ಯೆರೂಸಲೇಮಿನ ದೇವಾಲಯದಲ್ಲಿ ಕೈಸರನಿಗಾಗಿ ದಿನಕ್ಕೆರಡು ಬಾರಿ ಬಲಿ ಸಲ್ಲುತ್ತಿತ್ತೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸುತ್ತಾನೆ, ಕ್ರಿ.ಶ. 66ರಲ್ಲಿ ಅದನ್ನು ನಿಲ್ಲಿಸಿದ್ದೇ ರೋಮಿನ ವಿರುದ್ಧದ ಯುದ್ಧಕ್ಕೆ ಬುನಾದಿಯಾಯಿತು ಎಂಬುದು ಅವನ ಮತ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಈ ಪ್ರಾರ್ಥನೆಗಳೆಲ್ಲ ಜೀವಭಯದಿಂದ ಹುಟ್ಟಿದ ಮುಖಸ್ತುತಿಯಲ್ಲವೇ? ಕ್ರೈಸ್ತ ಲೇಖಕ ಟರ್ಟುಲಿಯನ್ ಕ್ರಿ.ಶ. 197ರ ಸುಮಾರಿಗೆ ಬರೆದ 'ಅಪೊಲೊಜೆಟಿಕಸ್' ಅಧಿಕಾರಿಗಳನ್ನು ಉದ್ದೇಶಿಸಿದ್ದು. ಚಕ್ರವರ್ತಿಗೆ ದೀರ್ಘಾಯುಷ್ಯ, ವಿಶ್ವಾಸವುಳ್ಳ ಸೆನೆಟ್, ಪ್ರಾಮಾಣಿಕ ಪ್ರಜೆಗಳು, ಶಾಂತವಾದ ಲೋಕ ದೊರೆಯಲೆಂದು ಬೇಡುತ್ತೇವೆ ಎಂಬ ಅವನ ಪಟ್ಟಿಯನ್ನು ಹಾಗೆ ಸಂಶಯಿಸಲು ಸಾಧ್ಯ. ಆದರೆ ಅದಕ್ಕಿಂತ ಸುಮಾರು ನೂರು ವರ್ಷ ಹಿಂದೆ, ರೋಮಿನ ಸಭೆಯಿಂದ ಕೊರಿಂಥದ ಸಭೆಗೆ ಹೋದ ಪತ್ರವೊಂದಿದೆ. ಸಂಪ್ರದಾಯ ಅದನ್ನು ಕ್ಲೆಮೆಂಟನದೆನ್ನುತ್ತದೆ. ಕೊರಿಂಥದ ಹಿರಿಯರನ್ನು ಪದಚ್ಯುತಗೊಳಿಸಿದ ಒಳಜಗಳವೇ ಅದರ ವಿಷಯ. ಯಾವ ಅಧಿಕಾರಿಯ ಕಣ್ಣಿಗೂ ಅದನ್ನು ಬರೆದದ್ದಲ್ಲ. ಆದರೂ ಅದರ 60 ಮತ್ತು 61ನೆಯ ಅಧ್ಯಾಯಗಳು ಆಳುವವರಿಗಾಗಿ ದೀರ್ಘವಾಗಿ ಬೇಡುತ್ತವೆ: ಆರೋಗ್ಯ, ಶಾಂತಿ, ಒಮ್ಮತ, ಸ್ಥಿರತೆ. ಅಷ್ಟಕ್ಕೆ ನಿಲ್ಲುವುದಿಲ್ಲ. ಅವರ ಆಲೋಚನೆಯನ್ನು ದೇವರಿಗೆ ಮೆಚ್ಚುಗೆಯಾದುದರ ಕಡೆಗೆ ತಿರುಗಿಸು, ಕೊಟ್ಟ ಅಧಿಕಾರವನ್ನು ಅವರು ಸೌಮ್ಯತೆಯಿಂದ ನಡೆಸಲಿ ಎನ್ನುತ್ತವೆ. ಯುಗಗಳ ಅರಸನೆಂಬ ಬಿರುದು ಅಲ್ಲಿ ದೇವರಿಗೆ, ಆಳುವವರು ಮನುಷ್ಯಪುತ್ರರು. ಕೇಳುವವರಾರೂ ಇಲ್ಲದ ಕಡೆ ಮುಖಸ್ತುತಿಗೆ ಕಾರಣವಿರುವುದಿಲ್ಲ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಟರ್ಟುಲಿಯನ್ ಹೊಸ ವಾದವನ್ನು ಹೂಡಲಿಲ್ಲ, ಸಭೆಗಳಲ್ಲಿ ಆಗಲೇ ನಡೆಯುತ್ತಿದ್ದುದನ್ನು ನ್ಯಾಯಸ್ಥಾನಕ್ಕೆ ಒಯ್ದ.

ಪ್ರಾರ್ಥನೆ ಸಾಲದು, ಸೈನ್ಯಕ್ಕೆ ಸೇರಿ, ಅಧಿಕಾರದ ಹೊಣೆ ಹೊರಿ ಎಂದು ಕ್ರೈಸ್ತಮತದ ಟೀಕಾಕಾರ ಕೆಲ್ಸಸ್ ಕ್ರೈಸ್ತರಿಗೆ ಸವಾಲೆಸೆದಿದ್ದ. ಕ್ರಿ.ಶ. 248ರ ಸುಮಾರಿಗೆ ಕ್ರೈಸ್ತ ಚಿಂತಕ ಒರಿಗೆನ್ ಕೊಟ್ಟ ಉತ್ತರ, ನಿಮ್ಮ ಅರ್ಚಕರಿಗೆ ಯುದ್ಧದಿಂದ ವಿನಾಯಿತಿ ಇರುವಂತೆ ನಾವೂ ಪ್ರಾರ್ಥನೆಯಿಂದಲೇ ಅರಸನ ಪಕ್ಷದಲ್ಲಿ ಹೋರಾಡುತ್ತೇವೆ ಎಂಬುದು. ಇದು ನನಗೆ ಪೂರ್ತಿ ಒಪ್ಪಿಗೆಯಾಗದು. ಮತ ಹಾಕಿ ಸರಕಾರ ರಚಿಸುವ ನಮ್ಮ ಕಾಲದಲ್ಲಿ ಹೊಣೆಯನ್ನು ಪೂರ್ತಿ ದೂರವಿಡಲು ದಾರಿಯೇ ಇಲ್ಲ.

ಕರ್ನಾಟಕದ ಕಥೋಲಿಕ ಚರ್ಚುಗಳಲ್ಲಿ ಶುಭ ಶುಕ್ರವಾರದ ಬಿನ್ನಹಗಳಲ್ಲಿ ಒಂದು ಇಂದಿಗೂ ಆಡಳಿತ ನಡೆಸುವವರಿಗೆ ಮೀಸಲು. ಆ ಒಂದೆರಡು ವಾಕ್ಯ ಬಾಯಿಪಾಠವಾಗಿ ಕಳೆದುಹೋಗಬಾರದೆಂಬುದು ನನ್ನ ಕಳಕಳಿ. ಅವರಿಗೆ ವಿವೇಕ ಬೇಕು, ಸೌಮ್ಯತೆ ಬೇಕು ಎಂದು ಕ್ಲೆಮೆಂಟನ ಪತ್ರದಂತೆ ಬಿಡಿಬಿಡಿಯಾಗಿ ಬೇಡುವವರಿಗೆ, ಅವು ಕಾಣದಾದಾಗ ಸುಮ್ಮನಿರುವುದು ಕಷ್ಟ.

ಮಿಲಾನಿನ ಬಿಷಪ್ ಅಂಬ್ರೋಸನಿಗೆ ಅದು ಸಾಧ್ಯವಾಗಲಿಲ್ಲ. ಕ್ರಿ.ಶ. 390ರಲ್ಲಿ ಥೆಸಲೋನಿಕದ ಜನರ ಕಗ್ಗೊಲೆಯಾಯಿತು. ಆಜ್ಞೆ ಚಕ್ರವರ್ತಿ ಥಿಯೊಡೋಸಿಯಸನದು. ಅಂಬ್ರೋಸ್ ಬೀದಿಯಲ್ಲಿ ಕೂಗಲಿಲ್ಲ. ಚಕ್ರವರ್ತಿಯೊಬ್ಬನೇ ಓದಲೆಂದು ಸ್ವಂತ ಕೈಯಿಂದ ಪತ್ರ ಬರೆದ: ಪಶ್ಚಾತ್ತಾಪಪಡಬೇಕು, ಅಲ್ಲಿಯವರೆಗೆ ನೀನು ಬಂದು ನಿಂತಲ್ಲಿ ಬಲಿಪೂಜೆ ಅರ್ಪಿಸಲಾರೆ ಎಂಬುದು ಅದರ ಸಾರ. ಥಿಯೊಡೋಸಿಯಸ್ ರಾಜಚಿಹ್ನೆಗಳನ್ನು ತೆಗೆದಿಟ್ಟು ಸಭೆಯ ನಡುವೆ ಅತ್ತ. ಐದು ವರ್ಷದ ನಂತರ ಅವನ ಶವಸಂಸ್ಕಾರದ ಬೋಧನೆ ಮಾಡಿದವನೂ ಅಂಬ್ರೋಸನೇ. ಹೊಗಳುವವರಿಗಿಂತ ತಿದ್ದುವವನನ್ನು ಮೆಚ್ಚಿದ ಈ ಮನುಷ್ಯನನ್ನು ತಾನು ಪ್ರೀತಿಸಿದೆನೆಂದು ಆ ದಿನ ಹೇಳಿದ.