ಹಕ್ಕಿ ಉಳಿಸಲು ಸಾಗಣೆಗೆ ಕೈ ಹಾಕಿದ ಸಂಸದ: ಜಾನ್ ಲೇಸಿ

ಇವತ್ತು ಅಮೆರಿಕದ ಒಬ್ಬ ಸಂಸದರ ಕಥೆ. ಹೆಸರು ಜಾನ್ ಲೇಸಿ. ಹುಟ್ಟಿದ್ದು 1841ರಲ್ಲಿ. ಅಂತರ್ಯುದ್ಧದಲ್ಲಿ ಸೈನಿಕರಾಗಿ ಹೋರಾಡಿದರು, ಆಮೇಲೆ ಅಯೋವಾ ರಾಜ್ಯದಲ್ಲಿ ವಕೀಲರಾದರು, ರಿಪಬ್ಲಿಕನ್ ಪಕ್ಷದಿಂದ ಎಂಟು ಸಲ ಸಂಸತ್ತಿಗೆ ಗೆದ್ದರು.

1887ರಲ್ಲಿ ಲೇಸಿ ಯೆಲ್ಲೋಸ್ಟೋನ್ ಪಾರ್ಕ್ ನೋಡೋಕೆ ಹೋಗಿದ್ದಾಗ ಅವರಿದ್ದ ಕುದುರೆ ಗಾಡಿಯನ್ನೇ ದರೋಡೆಕೋರರು ಅಡ್ಡಗಟ್ಟಿ ದೋಚಿದರು. 1872ರಲ್ಲೇ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಗಿದ್ದ ಜಾಗ ಅದು. ಆದರೆ ಅಲ್ಲಿ ಬೇಟೆಯಾಡಿದವರನ್ನು ಜೈಲಿಗೆ ಹಾಕೋ ಕಾನೂನೇ ಇರಲಿಲ್ಲ. 1894ರ ಮಾರ್ಚ್‌ನಲ್ಲಿ ಎಡ್ಗರ್ ಹೋವೆಲ್ ಎಂಬಾತ ಬೈಸನ್‌ಗಳನ್ನು ಕೊಂದು ಸಿಕ್ಕಿಬಿದ್ದ. ಅವನನ್ನು ಪಾರ್ಕ್‌ನಿಂದ ಹೊರಗೆ ಕಳಿಸೋದು ಬಿಟ್ಟರೆ ಹೆಚ್ಚೇನೂ ಮಾಡುವಂತಿರಲಿಲ್ಲ! ಲೇಸಿ ಮಸೂದೆ ತಂದರು. ಮೇ ತಿಂಗಳಲ್ಲೇ ಅದು ಕಾನೂನಾಯಿತು: 2 ವರ್ಷದವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ.

ಪಾರ್ಕ್‌ನ ಹೊರಗೆ ಕಥೆಯೇ ಬೇರೆ. ಕಾಡುಪ್ರಾಣಿಗಳ ಮೇಲಿನ ಅಧಿಕಾರ ಆಯಾ ರಾಜ್ಯದ್ದು. ಒಂದು ರಾಜ್ಯದಲ್ಲಿ ನಿಷೇಧ ಇದ್ದರೂ, ಕದ್ದು ಹೊಡೆದ ಹಕ್ಕಿಗಳನ್ನು ರೈಲಿಗೆ ತುಂಬಿ ಗಡಿ ದಾಟಿಸಿಬಿಟ್ಟರೆ ಮುಗೀತು, ದೊಡ್ಡ ನಗರಗಳಲ್ಲಿ ಮಾರಾಟ. ಹೋಟೆಲ್‌ಗೆ ಮಾಂಸ, ಹೆಂಗಸರ ಟೋಪಿಗೆ ಗರಿ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಮುಂದಿನ ಹೆಜ್ಜೆ ನನಗೆ ತುಂಬಾ ಇಷ್ಟ. ರಾಜ್ಯದಿಂದ ರಾಜ್ಯಕ್ಕೆ ನಡೆಯೋ ವ್ಯಾಪಾರವನ್ನು ನಿಯಂತ್ರಿಸೋ ಅಧಿಕಾರ ಸಂವಿಧಾನದ ಪ್ರಕಾರ ಕೇಂದ್ರಕ್ಕಿತ್ತು. ಲೇಸಿ ಅದನ್ನೇ ಹಿಡಿದುಕೊಂಡರು. 1900ರ ಮೇ 25ರಂದು ಜಾರಿಗೆ ಬಂದ ಲೇಸಿ ಕಾಯ್ದೆಯ ಪ್ರಕಾರ, ರಾಜ್ಯದ ಕಾನೂನು ಮುರಿದು ಕೊಂದ ಪ್ರಾಣಿಯನ್ನು ಗಡಿ ದಾಟಿಸೋದೇ ಕೇಂದ್ರದ ಅಪರಾಧ. ಪಾರ್ಸೆಲ್ ಮೇಲೆ ಕಳಿಸಿದವರ ಹೆಸರು, ವಿಳಾಸ, ಒಳಗೇನಿದೆ ಅಂತ ಬರೆದಿರಬೇಕು. ಗೊತ್ತಿದ್ದೂ ಸಾಗಿಸಿದವರಿಗೆ, ಪಡೆದವರಿಗೆ ಕೂಡ ದಂಡ. ಕಾಡಲ್ಲಿ ಪ್ರತಿ ಬಂದೂಕಿನ ಹಿಂದೆ ಓಡೋದಕ್ಕಿಂತ ರೈಲ್ವೆ ಪಾರ್ಸೆಲ್ ತಪಾಸಣೆ ಸುಲಭ, ಅಲ್ವಾ? ಇದೇ ಕಾಯ್ದೆ ಮುಂಗುಸಿಯ ಆಮದನ್ನೂ ನಿಷೇಧಿಸಿತ್ತು. ಹೊರಗಿಂದ ಬಂದ ಜೀವಿ ಅಲ್ಲಿನ ಹಕ್ಕಿಗಳನ್ನೂ ಬೆಳೆಯನ್ನೂ ಹಾಳು ಮಾಡಬಹುದು ಅನ್ನೋ ಭಯ.

1906ರಲ್ಲಿ ಲೇಸಿ ಇನ್ನೊಂದು ಕಾಯ್ದೆ ತಂದರು, ಪ್ರಾಚೀನ ಅವಶೇಷಗಳ ರಕ್ಷಣೆಗೆ. ಸರ್ಕಾರಿ ಜಮೀನಿನಲ್ಲಿರೋ ಅಪರೂಪದ ಜಾಗಗಳನ್ನು ಅಧ್ಯಕ್ಷರು ಸಂಸತ್ತಿಗೆ ಕಾಯದೆ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಬಹುದಾಯಿತು. 1908ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಗ್ರ್ಯಾಂಡ್ ಕ್ಯಾನ್ಯನ್ ಉಳಿಸಿದ್ದು ಇದೇ ಅಧಿಕಾರದಿಂದ. ಆದರೆ ಅದೇ 1906ರ ಚುನಾವಣೆಯಲ್ಲಿ ಲೇಸಿ ಸೋತರು.

ಇಷ್ಟೆಲ್ಲಾ ಮಾಡಿದರೂ ಒಂದು ಜೀವ ಉಳಿಯಲಿಲ್ಲ. ಒಂದು ಕಾಲದಲ್ಲಿ ಆಕಾಶವನ್ನೇ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಿಜನ್ ಪಾರಿವಾಳಗಳು, ಕಾನೂನು ಬರುವ ಹೊತ್ತಿಗೆ ಕಾಡಿನಲ್ಲಿ ಹೆಚ್ಚುಕಮ್ಮಿ ಮುಗಿದೇ ಹೋಗಿದ್ದವು. ಲೇಸಿ ತೀರಿಕೊಂಡಿದ್ದು 1913ರ ಸೆಪ್ಟೆಂಬರ್‌ನಲ್ಲಿ. ಅದಾಗಿ ವರ್ಷ ತುಂಬೋ ಮೊದಲೇ, 1914ರ ಸೆಪ್ಟೆಂಬರ್ 1ರಂದು, ಆ ಜಾತಿಯ ಕೊನೆಯ ಹಕ್ಕಿ ಮಾರ್ಥಾ ಸಿನ್ಸಿನಾಟಿ ಝೂನಲ್ಲಿ ಸತ್ತುಹೋಯಿತು.

ಕಾಯ್ದೆ ಮಾತ್ರ ಇವತ್ತಿಗೂ ಜೀವಂತ. 2008ರಲ್ಲಿ ಮರಮಟ್ಟುಗಳೂ ಅದರೊಳಗೆ ಬಂದವು. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನು ನಮ್ಮ ಕಾನೂನು ಮುರಿದು ಕಡಿದು ಅಲ್ಲಿಗೆ ಸಾಗಿಸಿದರೂ ಅದು ಅಮೆರಿಕದಲ್ಲಿ ಅಪರಾಧವೇ. ಬೇಟೆಯ ಸುದ್ದಿ ಬಂದಾಗ ನಾವು ಗುಂಡು ಹೊಡೆದವನ ಹೆಸರು ಮಾತ್ರ ಕೇಳ್ತೀವಿ. ಸಾಗಿಸಿದವರು ಯಾರು, ಕೊಂಡವರು ಯಾರು ಅಂತಲೂ ಕೇಳೋಣ. ಮುಂದಿನ ವಾರ ಸಿಗೋಣ.