ಬಾಲಕ್ಕೂ ಬೆಲೆ ಕಟ್ಟಿದ ಕಾಲ

ಹಡಗಿನಲ್ಲಿ ಬರುವಾಗ ನಡುಸಮುದ್ರದಲ್ಲಿ ಸತ್ತ ಕುದುರೆಗೂ ವಿಜಯನಗರದ ಬೊಕ್ಕಸದಿಂದ ಹಣ ಸಿಗುತ್ತಿತ್ತು. ಅದರ ಬಾಲ ತಂದು ತೋರಿಸಿದರೆ ಸಾಕು. ಅಲ್ಲಿನ ಅರಸ ಸಾಳುವ ನರಸಿಂಹ ಹೋರ್ಮುಜ್ ಮತ್ತು ಏಡನ್ನಿನ ಕುದುರೆಗಳನ್ನು ಬದುಕಿರಲಿ ಸತ್ತಿರಲಿ, ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಪರ್ದಾವ್ ಎಂದರೆ ನಮ್ಮ ವರಹಕ್ಕೆ ಅವರಿಟ್ಟ ಹೆಸರು. ಇದನ್ನು ಕೇಳಿದವರು ಅರಸನ ಔದಾರ್ಯಕ್ಕೆ ತಲೆದೂಗುತ್ತಾರೆ, ಇಲ್ಲವೇ ಅವನ ದಡ್ಡತನಕ್ಕೆ ನಗುತ್ತಾರೆ. ಎರಡಕ್ಕೂ ಆಧಾರ ಸಾಲದು. ಹಡಗಿನ ಮೂತಿ ತನ್ನ ರೇವುಗಳ ಕಡೆಗೇ ತಿರುಗಿರಲಿ ಎಂದು ಅರಸ ಕೊಟ್ಟ ಹಣ ಅದು. ಕುದುರೆಯ ಪ್ರಾಣಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಕುದುರೆ ಸಾಗಿಸುವುದು ಎಷ್ಟು ಕಷ್ಟದ ಕೆಲಸವೆಂದು ಮೊದಲು ನೋಡಬೇಕು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹೋರ್ಮುಜ್‌ನ ಹಡಗುಗಳನ್ನು ಕಂಡ ಮಾರ್ಕೊ ಪೋಲೊಗೆ ಅವು ಭಯ ಹುಟ್ಟಿಸಿದ್ದವು. ಹಲಗೆಗೆ ಹಲಗೆ ಸೇರಿಸಲು ಕಬ್ಬಿಣದ ಮೊಳೆಯಿಲ್ಲ, ತೆಂಗಿನ ನಾರಿನ ಹುರಿಯ ಹೊಲಿಗೆ. ಒಂದೇ ಪಟಸ್ತಂಭ, ಒಂದೇ ಹಾಯಿ, ಮೇಲೆ ಅಟ್ಟವಿಲ್ಲ. ಸರಕು ತುಂಬಿ ಅದರ ಮೇಲೆ ಚರ್ಮ ಹೊದಿಸುತ್ತಿದ್ದರು. ಆ ಚರ್ಮದ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ತೆರೆಗೆ ಹಡಗು ವಾಲಿದಾಗಲೆಲ್ಲ ಗೊರಸಿನಡಿ ಚರ್ಮ ಜಾರುತ್ತದೆ, ಕೆಳಗಿನ ಮೂಟೆ ಕದಲುತ್ತದೆ. ಹಿಡಿದು ನಿಲ್ಲಲು ಕುದುರೆಗೆ ಕೈಯಿಲ್ಲ. ಮನುಷ್ಯನಿಗೆ ಹೊಟ್ಟೆ ತೊಳಸಿದರೆ ವಾಂತಿ ಮಾಡಿಕೊಂಡು ಹಗುರಾಗುತ್ತಾನೆ. ಕುದುರೆಗೆ ವಾಂತಿ ಮಾಡಲು ಬರುವುದೇ ಇಲ್ಲ, ಒಳಗಿನದು ಒಳಗೇ ಕೆಟ್ಟು ಹೊಟ್ಟೆಶೂಲೆಯಾಗುತ್ತದೆ. ಮೇಲಾಗಿ ಒಂದಕ್ಕೆ ದಿನಕ್ಕೆ ಇಪ್ಪತ್ತೈದು ಮೂವತ್ತು ಲೀಟರ್ ಸಿಹಿನೀರು ಬೇಕು. ಹೋರ್ಮುಜ್ ದ್ವೀಪದಲ್ಲಿ ಅದೂ ಇರಲಿಲ್ಲ. ಹೊರಗಿನಿಂದ ತಂದು ತುಂಬಿಸಿಕೊಳ್ಳಬೇಕಿತ್ತು. 1442ರಲ್ಲಿ ಅಲ್ಲಿಂದ ಹೊರಟ ರಾಯಭಾರಿ ಅಬ್ದುರ್ ರಜಾಕನ ಪ್ರಯಾಣದಲ್ಲಿ ಜನರನ್ನೂ ಕುದುರೆಗಳನ್ನೂ ಎರಡು ಹಡಗುಗಳಿಗೆ ಹಂಚಿದ್ದರು.

ಬಾಲದ ಕಥೆಯನ್ನೇ ನಂಬಬೇಕೇ ಎಂದು ಯಾರಾದರೂ ಕೇಳಬಹುದು. ನೂನಿಜ್ ವಿಜಯನಗರದಲ್ಲಿದ್ದದ್ದು 1530ರ ದಶಕದಲ್ಲಿ, ನರಸಿಂಹ ತೀರಿಕೊಂಡದ್ದು 1491ರಲ್ಲಿ. ಹಾಗಾಗಿ ಇದು ಕೇಳಿದ ಮಾತು. ಜೊತೆಗೆ ನೂನಿಜ್ ಸ್ವತಃ ಕುದುರೆ ವ್ಯಾಪಾರಿ, ತನ್ನ ಕಸುಬಿನ ಸುವರ್ಣಕಾಲವನ್ನು ಸ್ವಲ್ಪ ಹಿಗ್ಗಿಸಿ ಹೇಳಿರಲೂಬಹುದು. ಆದರೆ ಅದಕ್ಕೆ ಇನ್ನೂರು ವರ್ಷಗಳಷ್ಟು ಹಿಂದೆ, ಪಾಂಡ್ಯರ ನಾಡಿನ ಬಗ್ಗೆ ಪರ್ಷಿಯಾದ ಇತಿಹಾಸಕಾರ ವಸ್ಸಾಫ್ ಬರೆದದ್ದೂ ಇದನ್ನೇ ಹೋಲುತ್ತದೆ. ಕೀಶ್ ದ್ವೀಪದಿಂದ ವರ್ಷಕ್ಕೆ 1,400 ಕುದುರೆ, ತಲಾ 220 ದೀನಾರ್, ಸತ್ತರೆ ಅದರ ಬೆಲೆಯೂ ಅರಸನ ಬೊಕ್ಕಸದಿಂದಲೇ. ಬೇರೆ ಭಾಷೆ, ಬೇರೆ ಕಾಲ, ಬೇರೆ ಅರಸು; ಕರಾರು ಮಾತ್ರ ಒಂದೇ. ಹಾಗಾಗಿ ಇದು ಒಬ್ಬ ಅರಸನ ಹುಚ್ಚಾಗಿರಲಾರದು, ಆ ವ್ಯಾಪಾರದ ವಾಡಿಕೆಯೇ ಇದ್ದೀತು.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಸತ್ತರೂ ಹಣ ಸಿಗುತ್ತದೆಂದರೆ ಕುದುರೆಗೆ ನೀರು ಕುಡಿಸುವವರು ಯಾರು? ರೋಗಿಷ್ಠ ಕುದುರೆಯನ್ನು ಹತ್ತಿಸಿ, ದಾರಿಯಲ್ಲಿ ಬಾಲ ಕತ್ತರಿಸಿಕೊಂಡು, ಉಳಿದ ನೀರನ್ನು ಮಿಕ್ಕವಕ್ಕೆ ಕೊಡಬಹುದಲ್ಲ? ಕೊಡಬಹುದು, ಕೆಲವರು ಕೊಟ್ಟೂ ಇದ್ದಾರು. ಕುದುರೆಯ ಕ್ಷೇಮವೇ ಗುರಿಯಾಗಿದ್ದರೆ ಇದಕ್ಕಿಂತ ಕೆಟ್ಟ ಕರಾರು ಇನ್ನೊಂದಿಲ್ಲ. ಆದರೆ ಅರಸನ ಚಿಂತೆ ರೇವುಗಳದ್ದು. 1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಕಸಿದುಕೊಂಡಿದ್ದ. ವಿಜಯನಗರಕ್ಕೆ ಭಟ್ಕಳ, ಹೊನ್ನಾವರದಂಥ ರೇವುಗಳೇ ಗತಿ. ಹೋರ್ಮುಜ್ ಬಿಟ್ಟ ಹಡಗು ಅಷ್ಟು ದಕ್ಷಿಣಕ್ಕೆ ಬರಬೇಕಾದರೆ ಉತ್ತರದ ರೇವುಗಳನ್ನು ದಾಟಿ ಇನ್ನೂ ಕೆಲವು ದಿನ ಸಾಗಬೇಕು, ಅಷ್ಟು ದಿನದ ನೀರು ಹೆಚ್ಚು, ಸಾವೂ ಹೆಚ್ಚು. ಆ ಹೆಚ್ಚಿನ ನಷ್ಟವನ್ನು ಅರಸ ತನ್ನ ಮೇಲೆ ಹಾಕಿಕೊಂಡ ಎಂದರೆ ಲೆಕ್ಕ ಕೂಡಿಬರುತ್ತದೆ. ಕೃಷ್ಣದೇವರಾಯನ 'ಆಮುಕ್ತಮಾಲ್ಯದ'ದಲ್ಲೂ ಇದೇ ಲೆಕ್ಕ ಕಾಣುತ್ತದೆ. ಆನೆ ಕುದುರೆ ತರುವ ದೂರದ ವ್ಯಾಪಾರಿಗಳನ್ನು ಮನ್ನಿಸಿ ಒಳ್ಳೆಯ ಬೆಲೆ ಕೊಟ್ಟು ಉಳಿಸಿಕೋ, ಆ ಪ್ರಾಣಿಗಳು ಶತ್ರುವಿನ ಪಾಲಾಗದಿರಲಿ ಎಂಬುದು ಅಲ್ಲಿನ ರಾಜನೀತಿ. 1547ರಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದವೂ ಗೋವೆಗೆ ಬಂದ ಕುದುರೆ ವಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಬರಬೇಕು ಎಂಬುದರ ಸುತ್ತ ಹೆಣೆದದ್ದು.

ಪ್ರಾಣಿಯ ಮೇಲಿನ ಕಾಳಜಿಗೆ ಸಾಕ್ಷಿ ಬೇಕಾದರೆ ಈ ಕರಾರಿನ ಹೊರಗಿದ್ದವನನ್ನು ನೋಡಬೇಕು. 1470ರ ಆಸುಪಾಸಿನಲ್ಲಿ ರಷ್ಯದ ಅಫನಾಸಿ ನಿಕಿಟಿನ್ ಒಂದೇ ಒಂದು ಗಂಡು ಕುದುರೆಯೊಂದಿಗೆ ಹಡಗು ಹತ್ತಿ, ಆರು ವಾರ ಸಮುದ್ರದ ಮೇಲಿದ್ದು ಚೌಲ್ ರೇವಿಗೆ ಇಳಿದ. ಅದಕ್ಕೆ ಬಿದ್ದ ಖರ್ಚು ನೂರು ರೂಬಲ್. ಬಾಲಕ್ಕೆ ಬೆಲೆ ಕೊಡುವ ಅರಸ ಅವನಿಗಿರಲಿಲ್ಲ, ಕುದುರೆ ಸತ್ತರೆ ಅವನೇ ಸತ್ತಂತೆ. ದೇವರ ದಯೆಯಿಂದ ಕ್ಷೇಮವಾಗಿ ಜುನ್ನಾರ್ ತಲುಪಿದೆ ಎಂದು ಬರೆದುಕೊಂಡಿದ್ದಾನೆ. ಒಂದು ಕುದುರೆ ಉಳಿದದ್ದರಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಅದರ ಪಕ್ಕದಲ್ಲಿ ಎಷ್ಟು ಸತ್ತವೋ ಅವನು ಹೇಳಿಲ್ಲ. ಆದರೆ ನೂನಿಜ್ ವಿಜಯನಗರದ ಅರಸ ವರ್ಷಕ್ಕೆ ಕೊಳ್ಳುತ್ತಿದ್ದ 13,000 ಕುದುರೆಗಳನ್ನು ಒಟ್ಟಾಗಿ ಎಣಿಸುವಾಗ, ನಿಕಿಟಿನ್ ತನ್ನ ಒಂದರ ಮೇವಿನ ಲೆಕ್ಕ ಇಟ್ಟಿದ್ದ. ಜುನ್ನಾರಿನ ಖಾನ್ ಅದನ್ನು ಕಿತ್ತುಕೊಂಡು, ಮತಾಂತರವಾದರೆ ಮರಳಿಸುತ್ತೇನೆಂದ. ಯಾರದೋ ಮಧ್ಯಸ್ಥಿಕೆಯಿಂದ ಹಾಗೆಯೇ ಮರಳಿ ಸಿಕ್ಕಿತು. ಕೊನೆಗೆ ಅವನು ಅದನ್ನು ಮಾರಿದ್ದು ನಮ್ಮ ಬೀದರಿನಲ್ಲಿ, ಒಂದು ವರ್ಷ ಸಾಕಿ, ಅರವತ್ತೆಂಟು ನಾಣ್ಯ ಖರ್ಚು ಮಾಡಿದ ಮೇಲೆ.