ಸೈಕಲ್ ಕಲಿತ ಹುಡುಗಿಯರು

ಹುಡುಗಿಯೊಬ್ಬಳು ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುವುದು ಈಗ ಯಾರೂ ತಿರುಗಿ ನೋಡುವ ಸಂಗತಿಯಲ್ಲ. ಆದರೆ ಇದು ಬಹಳ ಹಳೆಯ ನೋಟವೂ ಅಲ್ಲ. ನನ್ನ ತಾಯಿಯ ಕಾಲದಲ್ಲಿ ನಮ್ಮ ಊರಿನಲ್ಲಿ ಸೈಕಲ್ ಹತ್ತಿದ ಹೆಂಗಸು ಎಂದರೆ ಆಸ್ಪತ್ರೆಯ ನರ್ಸಮ್ಮ ಒಬ್ಬರೇ. ಅವರು ಹೆರಿಗೆಗೆ ಹೊರಟರೆ ಮಕ್ಕಳು ಹಿಂದೆ ಓಡುತ್ತಿದ್ದರಂತೆ, ಹೆರಿಗೆ ಯಾರದೆಂದು ತಿಳಿಯಲು ಅಲ್ಲ, ಸೈಕಲ್ ನೋಡಲು. ಸಮಾಜ ವಿಜ್ಞಾನ ಪಾಠ ಮಾಡುವವಳಾದ ನನಗೆ ರಾಜರ ವಂಶಾವಳಿಗಿಂತ ಈ ಎರಡು ಚಕ್ರಗಳ ವಂಶಾವಳಿಯೇ ಹೆಚ್ಚು ರುಚಿಸುತ್ತದೆ. ಅದರಲ್ಲಿ ಯುದ್ಧವಿಲ್ಲ ನಿಜ, ಬಿದ್ದು ಏಳುವುದು ಮಾತ್ರ ಬೇಕಾದಷ್ಟಿದೆ.

1817ರಲ್ಲಿ ಜರ್ಮನಿಯ ಮನ್‌ಹೈಮ್ ಎಂಬ ಊರಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಓಡಿಸಿದ ಮೊದಲ ಗಾಡಿಗೆ ಪೆಡಲೇ ಇರಲಿಲ್ಲ. ಎರಡು ಮರದ ಚಕ್ರ, ನಡುವೆ ಕೂರಲು ಒಂದು ದಿಂಬು. ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕು. ಪೆಡಲ್ ಬಂದದ್ದು 1860ರ ದಶಕದಲ್ಲಿ. ಆಮೇಲೆ ಮುಂದಿನ ಚಕ್ರ ಆಳೆತ್ತರಕ್ಕೆ ಬೆಳೆಯಿತು. ಸವಾರ ಎಡವಿದರೆ ತಲೆ ಮುಂದಾಗಿಯೇ ಬೀಳುತ್ತಿದ್ದ. ಅದು ಗಟ್ಟಿ ಎದೆಯ ಗಂಡಸರ ಆಟವಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮವಾಗಿರುವ, ಹಿಂದಿನ ಚಕ್ರಕ್ಕೆ ಚೈನು ಹಾಕಿದ ಸೈಕಲ್ ಮಾಡಿದ. ಆ ಮಾದರಿಗೆ ಜನ ಕರೆದ ಹೆಸರು ‘ಸೇಫ್ಟಿ’. ನಾವು ಇಂದು ತುಳಿಯುವ ಸೈಕಲ್ಲಿನ ಹುಟ್ಟುಹೆಸರೇ ಸುರಕ್ಷೆ! ಮೂರು ವರ್ಷ ಕಳೆದು ಬೆಲ್‌ಫಾಸ್ಟಿನಲ್ಲಿ ಜಾನುವಾರು ವೈದ್ಯನಾಗಿದ್ದ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅದನ್ನು ಆತ ಮೊದಲು ಮಾಡಿದ್ದು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ. ಮಗು ಕುಲುಕಾಡದೆ ಹೋಗಲಿ ಎಂಬ ತಂದೆಯ ಆಸೆಯಿಂದ ಹುಟ್ಟಿದ ಟೈರು ಲೋಕವನ್ನೇ ಓಡಿಸಿತು.

ಸೈಕಲ್ ತಗ್ಗಿದಾಗ ಹೆಂಗಸರಿಗೂ ಎಟುಕಿತು. ಅಮೆರಿಕದಲ್ಲಿ ಫ್ರಾನ್ಸೆಸ್ ವಿಲ್ಲರ್ಡ್ ಎಂಬ ಹೆಸರಾಂತ ಶಿಕ್ಷಕಿ, ಪಾನನಿರೋಧ ಚಳವಳಿಯ ನಾಯಕಿ ಇದ್ದರು. ಅವರು ಸೈಕಲ್ ಕಲಿತದ್ದು ತಮ್ಮ 53ನೆಯ ವಯಸ್ಸಿನಲ್ಲಿ. ನನ್ನ ವಯಸ್ಸಿನವರು ಓದುತ್ತಿದ್ದರೆ ಇಲ್ಲಿ ಕೊಂಚ ನಿಂತು ಮುಂದೆ ಹೋಗಬಹುದು. 1895ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಬರೆದರು. ದಿನಕ್ಕೆ ಸುಮಾರು ಕಾಲು ಗಂಟೆಯಂತೆ ಮೂರು ತಿಂಗಳು ಅಭ್ಯಾಸ. ಮೊದಲು ತುಳಿಯುವುದು, ಆಮೇಲೆ ತಿರುಗಿಸುವುದು, ಆಮೇಲೆ ಇಳಿಯುವುದು, ಕೊನೆಗೆ ಹತ್ತುವುದು, ಇದು ಅವರು ಕಲಿತ ಕ್ರಮ. ಹತ್ತುವುದಕ್ಕಿಂತ ಮುಂಚೆ ಇಳಿಯುವುದು! ಪಾಠ ಹೇಳುವವರಿಗೆ ಮಾತ್ರ ಹೊಳೆಯುವ ಕ್ರಮ ಇದು ಎಂದು ನನಗನ್ನಿಸಿತು.

ನಮ್ಮ ಕಡೆಯ ಹುಡುಗರು ಕಲಿತದ್ದು ಬಾಡಿಗೆ ಸೈಕಲ್ಲಿನಲ್ಲಿ. ಗಂಟೆಗೆ ಎಂಟಾಣೆ. ಅಪ್ಪಂದಿರ ದೊಡ್ಡ ಸೈಕಲ್ ಸಿಕ್ಕರೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆಯುತ್ತಿದ್ದರು. ಮಂಡಿ ತರಚಿದರೆ ಅದು ಪದಕವಿದ್ದಂತೆ. ಹುಡುಗಿಯರ ಮಂಡಿಗೆ ಆ ಭಾಗ್ಯವಿರಲಿಲ್ಲ. ಲಂಗ ಚೈನಿಗೆ ಸಿಕ್ಕೀತು, ಬಿದ್ದು ಕೈಕಾಲು ಊನವಾದರೆ ಮದುವೆ ಹೇಗೆ, ನೋಡಿದವರು ಏನಂದಾರು ಎಂದು ಒಂದರ ಮೇಲೊಂದು ಕಾರಣ. ಕಲಿಯದವಳಿಗೆ ದೂರದ ಶಾಲೆ ಮತ್ತಷ್ಟು ದೂರ. ಏಳನೆಯ ತರಗತಿಯ ತನಕ ಊರಲ್ಲೇ ಓದಿದ ಎಷ್ಟೋ ಹುಡುಗಿಯರ ಓದು ಊರಿನ ಗಡಿಕಲ್ಲಿನ ಹತ್ತಿರವೇ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ.

ಈ ಕಾರಣಗಳನ್ನೆಲ್ಲ ಒಂದೇ ಬಾರಿಗೆ ಗುಡಿಸಿ ಹಾಕಿದ್ದು ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆ. 1991ರಲ್ಲಿ ಅಲ್ಲಿ ಅರಿವೊಳಿ ಇಯಕ್ಕಂ ಎಂಬ ಸಾಕ್ಷರತಾ ಆಂದೋಲನ ಶುರುವಾಯಿತು. ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಓದುಬರಹದ ಜೊತೆಗೆ ಸೈಕಲ್ ಕಲಿಕೆಯನ್ನೂ ಅವರು ಆಂದೋಲನದೊಳಗೆ ಸೇರಿಸಿದರು. ಕಲ್ಲು ಕ್ವಾರಿಯ ಕೂಲಿಯವರು, ಹೊಲದ ಆಳುಗಳು, ಅಂಗನವಾಡಿಯವರು, ಶಿಕ್ಷಕಿಯರು ಎಲ್ಲರೂ ಸೈಕಲ್ ಹತ್ತಿದರು. 1992ರ ವೇಳೆಗೆ ಕಲಿತವರ ಸಂಖ್ಯೆ ಲಕ್ಷ ದಾಟಿತ್ತು. ಎಪ್ಪತ್ತು ಸಾವಿರ ಹೆಂಗಸರು ಒಟ್ಟಾಗಿ ಸಾರ್ವಜನಿಕವಾಗಿ ಸೈಕಲ್ ತುಳಿದು ತೋರಿಸಿದರು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದು ಎಂದು ಕೆಲವರು ಅದನ್ನೇ ಮೆಚ್ಚಿದರಂತೆ. ಒಬ್ಬಳೇ ಕಲಿತರೆ ಅದು ಗುಲ್ಲು, ಊರಿಗೆ ಊರೇ ಕಲಿತರೆ ಅದು ರೂಢಿ. ಅಲ್ಲಿ ಗೆದ್ದ ಗುಟ್ಟು ಇದೇ ಇರಬೇಕು.

ನಮ್ಮ ರಾಜ್ಯದ ಕಥೆ ಬೇರೆ. ಇಲ್ಲಿ ಕಲಿಕೆಗಿಂತ ಮುಂಚೆ ಸೈಕಲ್ಲೇ ಬಂತು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲಾರಂಭಿಸಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಆಗ ನಾನಿದ್ದದ್ದು ಮಂಡ್ಯ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಸುತ್ತಲಿನ ಐದಾರು ಊರಿನ ಮಕ್ಕಳು ನಾಲ್ಕೈದು ಕಿಲೋಮೀಟರ್ ನಡೆದು ಬರುತ್ತಿದ್ದರು. ವಿತರಣೆಯ ದಿನ ಹಾರ, ಭಾಷಣ, ಫೋಟೊ ಎಲ್ಲ ಆಯಿತು. ಸಂಜೆ ನೋಡಿದರೆ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿ ಹೊಸ ಸೈಕಲ್ಲನ್ನು ಆಕಳ ಕರುವಿನಂತೆ ಹಿಡಿದು ತಳ್ಳಿಕೊಂಡು ಮನೆಗೆ ಹೊರಟಿದ್ದರು. ಕೆಲವು ಸೈಕಲ್ಲುಗಳು ಒಂದು ವಾರದೊಳಗೆ ಅಪ್ಪಂದಿರ ಹಾಲಿನ ಕ್ಯಾನು ಹೊತ್ತು ಡೇರಿಗೆ ಓಡಾಡತೊಡಗಿದವು. ತುಳಿಯಲು ಬಾರದವಳ ಕೈಯಿಂದ ಸೈಕಲ್ ಕಸಿಯುವುದು ಎಷ್ಟು ಹೊತ್ತಿನ ಕೆಲಸ?

ಹಾಗಾಗಿ ಸಂಜೆ ನಾಲ್ಕೂವರೆಯ ಮೇಲೆ ಶಾಲೆಯ ಬಯಲಿನಲ್ಲೇ ಪಾಠ ಶುರುವಾಯಿತು. ದೈಹಿಕ ಶಿಕ್ಷಕರು ಮತ್ತು ನಾನು. ಊರಿನ ಪಂಕ್ಚರ್ ಅಂಗಡಿಯವನಿಂದ ಸ್ಪ್ಯಾನರ್ ತಂದು ಮೊದಲು ಸೀಟನ್ನು ತಗ್ಗಿಸಿದೆವು, ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಮುಟ್ಟಬೇಕು. ಆಮೇಲೆ ಪೆಡಲುಗಳನ್ನೇ ಬಿಚ್ಚಿದೆವು. (ಮನೆಯಲ್ಲಿ ಮಾಡುವವರಿಗೆ ಒಂದು ಮಾತು: ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಮಾಮೂಲಿನಂತೆ ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯುತ್ತದೆ.) ಬಯಲಿನ ಒಂದು ಮಗ್ಗುಲು ಕೊಂಚ ಇಳಿಜಾರು. ಅಲ್ಲಿ ಹುಡುಗಿಯರು ಕಾಲಿನಿಂದ ನೆಲ ಒದೆಯುತ್ತ, ಆಗಾಗ ಎರಡೂ ಕಾಲೆತ್ತಿ ತೇಲುತ್ತ ಇಳಿಯಬೇಕು. ಥೇಟು 1817ರ ಡ್ರೈಸ್ ಮಹಾಶಯನಂತೆ! ಮೂರು ನಾಲ್ಕು ಸಂಜೆಗಳಲ್ಲಿ ಸಮತೋಲ ತಾನಾಗಿ ಬಂತು. ಪೆಡಲ್ ಹಾಕಿದ ಮೇಲೆ ತುಳಿಯುವುದಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಹಿಡಿಯುವವರು ಸೀಟನ್ನು ಹಿಡಿಯಬೇಕು, ಹ್ಯಾಂಡಲ್ಲನ್ನಲ್ಲ. ಹ್ಯಾಂಡಲ್ ಹಿಡಿದರೆ ಸೈಕಲ್ ಓಡಿಸುವುದು ನೀವು, ಮಗು ಬರೀ ಪ್ರಯಾಣಿಕಳು. ಮುಂದಿನ ಚಕ್ರ ನೋಡುವ ಹುಡುಗಿ ಅತ್ತಿತ್ತ ವಾಲುತ್ತಾಳೆ, ದೂರದ ಮರ ನೋಡುವವಳು ನೆಟ್ಟಗೆ ಹೋಗುತ್ತಾಳೆ. ವಿಲ್ಲರ್ಡ್ ಅವರ ಕ್ರಮದಂತೆ ಇಳಿಯುವುದು, ನಿಲ್ಲಿಸುವುದು ಮೊದಲು. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕು. ಮುಂದಿನದೊಂದನ್ನೇ ಗಕ್ಕನೆ ಹಿಡಿದರೆ ಸೈಕಲ್ ನಿಂತರೂ ಸವಾರಳು ನಿಲ್ಲುವುದಿಲ್ಲ. ಸುಣ್ಣದಲ್ಲಿ ಗೆರೆ ಎಳೆದು ಗೆರೆಯ ಮೇಲೆಯೇ ಚಕ್ರ ನಿಲ್ಲಿಸುವ ಪಂದ್ಯ ಇಟ್ಟೆವು. ಹುಡುಗಿಯರಿಗೆ ಇದು ಕಬಡ್ಡಿಗಿಂತ ಇಷ್ಟವಾಯಿತು.

ಕಷ್ಟವಾದದ್ದು ಹಿಂದೆ ನೋಡುವ ಪಾಠ. ಬಲಕ್ಕೆ ತಿರುಗುವ ಮುನ್ನ ಭುಜದ ಮೇಲಿಂದ ಹಿಂದೆ ನೋಡಬೇಕು, ನೋಡುವಾಗ ಸೈಕಲ್ ಬಲಕ್ಕೆ ವಾಲಬಾರದು. ಹುಡುಗಿ ಗೆರೆಯ ಮೇಲೆ ನೇರವಾಗಿ ಹೋಗುತ್ತಿರುವಾಗ ನಾನು ಹಿಂದೆ ನಿಂತು ಹೆಸರು ಕೂಗಿ ಕೈಯೆತ್ತುತ್ತಿದ್ದೆ. ಎಷ್ಟು ಬೆರಳು ಎಂದು ಗೆರೆ ತಪ್ಪದೆ ಹೇಳಬೇಕು. “ಮೂರು ಮೇಡಂ” ಎಂದು ಕೂಗಿದವಳು ಬೇವಿನ ಮರದ ಬುಡಕ್ಕೆ ಹೋಗಿ ನಿಂತದ್ದೂ ಉಂಟು. ಇದು ಬಂದ ಮೇಲೆ ಒಂದು ಕೈ ಚಾಚಿ ತಿರುವು ತೋರಿಸುವುದು ಸುಲಭ. ಉಳಿದದ್ದೆಲ್ಲ ಸಣ್ಣಪುಟ್ಟ ಸಂಗತಿ. ವೇಲನ್ನು ಪಿನ್ ಹಾಕಿ ಸೊಂಟಕ್ಕೆ ಕಟ್ಟುವುದು, ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕದೆ ಕ್ಯಾರಿಯರಿಗೆ ಬಿಗಿಯುವುದು, ಸೋಮವಾರ ಟೈರಿನ ಗಾಳಿ ನೋಡುವುದು. ಜೋಡಿಯಾಗಿ ಮಾತಾಡುತ್ತ ಹೋಗುವುದನ್ನು ಬಿಡಿಸಲು ಮಾತ್ರ ನಮ್ಮಿಂದ ಆಗಲಿಲ್ಲ. ನಾಲ್ಕು ಕಿಲೋಮೀಟರ್ ಮಾತಿಲ್ಲದೆ ಸಾಲಾಗಿ ಹೋಗಿ ಎಂದರೆ ಯಾವ ಹುಡುಗಿ ಒಪ್ಪುತ್ತಾಳೆ ಹೇಳಿ.

ಇಷ್ಟು ಆದ ಮೇಲೆ ಒಬ್ಬ ತಾಯಿ ಬಂದು ಕೇಳಿದಳು, “ಸೈಕಲ್ ಕೊಟ್ರಿ, ಕಲಿಸಿದ್ರಿ, ಎಲ್ಲಾ ಸರಿ ಮೇಡಮ್ಮೋರೆ. ಆ ಕಬ್ಬಿನ ಗಾಡಿಯೋರಿಗೆ ಯಾರು ಕಲಿಸ್ತಾರೆ?” ಕಬ್ಬು ಕಟಾವಿನ ದಿನಗಳಲ್ಲಿ ನಮ್ಮ ಸೀಮೆಯ ರಸ್ತೆ ನೋಡಿದವರಿಗೆ ಅವಳ ಭಯ ಅರ್ಥವಾಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್, ಅದರಾಚೆ ಚಾಚಿದ ಕಬ್ಬಿನ ಜಲ್ಲೆ. ತಿರುವಿನಲ್ಲಿ ಹಿಂದಿನ ಟ್ರೈಲರ್ ಮುಂದಿನದಕ್ಕಿಂತ ಒಳಕ್ಕೆ ಸರಿಯುತ್ತದೆ. ಟ್ರ್ಯಾಕ್ಟರ್ ದಾಟಿತಲ್ಲ ಎಂದು ಹೊರಟ ಮಗು ಅದರ ದಾರಿಗೇ ಸಿಕ್ಕಬಹುದು. ಹುಡುಗಿಯರಿಗೆ ಕಬ್ಬಿನ ಗಾಡಿ ಕಂಡರೆ ಇಳಿದು ಮಣ್ಣಿನ ಮೇಲೆ ನಿಲ್ಲಿ ಎಂದು ಕಲಿಸಿದೆವು. ಆದರೆ ಎಲ್ಲ ಎಚ್ಚರವನ್ನೂ ಹದಿಮೂರು ವರ್ಷದವಳ ತಲೆಯ ಮೇಲೇ ಹೊರಿಸುವುದು ಯಾವ ನ್ಯಾಯ?

ಆ ತಾಯಿ ಕೇಳಿದ ಪ್ರಶ್ನೆಯನ್ನೇ ಹಾಲೆಂಡಿನ ತಾಯಿತಂದೆಯರು ಬೀದಿಗಿಳಿದು ಕೇಳಿದ್ದರು. ಸೈಕಲ್ಲಿನ ದೇಶವೆಂದು ಇಂದು ಎಲ್ಲರೂ ಹೊಗಳುವ ಆ ನಾಡಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಕಾರುಗಳು ಹೆಚ್ಚಿ ಸೈಕಲ್ ಮೂಲೆಗುಂಪಾಗುತ್ತಿತ್ತು. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹೊಫ್ ಎಂಬ ಪತ್ರಕರ್ತನ ಮಗಳೂ ಅಪಘಾತಕ್ಕೆ ಬಲಿಯಾಗಿದ್ದಳು. ಆತ 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅರ್ಥದ ತಲೆಬರಹ ಕೊಟ್ಟು ಲೇಖನ ಬರೆದ. ಅದೇ ಮಾತು ಚಳವಳಿಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟ್ಟೆನ್ ಎಂಬ ಹೆಣ್ಣುಮಗಳು. ಮಕ್ಕಳನ್ನು ಕರೆದುಕೊಂಡು ಬೀದಿಗೆ ಅಡ್ಡ ಕೂತರು, ಮೆರವಣಿಗೆ ಹೋದರು. 1973ರ ತೈಲ ಬಿಕ್ಕಟ್ಟು ಬಂದಾಗ ಸರ್ಕಾರ ಕೆಲವು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿತು. ಖಾಲಿ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಮುಂದೆ ಸೈಕಲ್ಲಿಗೆ ಬೇರೆ ದಾರಿಗಳು ಬಂದವು, ಮನೆಗಳ ಬೀದಿಗಳಲ್ಲಿ ವಾಹನ ನಡಿಗೆಯ ವೇಗದಲ್ಲಿ ಹೋಗಬೇಕೆಂಬ ಕಾನೂನು 1976ರಲ್ಲಿ ಬಂತು.

ಹಾಗೆಂದು ಅವರು ಮಕ್ಕಳಿಗೆ ಕಲಿಸುವುದನ್ನು ಬಿಡಲಿಲ್ಲ. ಪ್ರಾಥಮಿಕ ಶಾಲೆ ಮುಗಿಸುವ ಮುನ್ನ, ಹತ್ತರಿಂದ ಹನ್ನೆರಡರ ವಯಸ್ಸಿನಲ್ಲಿ, ಅಲ್ಲಿ ರಸ್ತೆ ಸಂಚಾರದ ಪರೀಕ್ಷೆ ಇರುತ್ತದೆ. ಒಂದು ಬರೆಯುವುದು, ಇನ್ನೊಂದು ನಿಜವಾದ ರಸ್ತೆಯಲ್ಲೇ ಸೈಕಲ್ ಓಡಿಸುವುದು. ಮಗು ನಂಬರಿನ ಅಂಗಿ ತೊಟ್ಟು ಗೊತ್ತಾದ ದಾರಿಯಲ್ಲಿ ಹೋಗುತ್ತದೆ. ತಿರುವುಗಳಲ್ಲಿ ತಾಯಿತಂದೆಯರು ಪಟ್ಟಿ ಹಿಡಿದು ನಿಂತು ಹಿಂದೆ ನೋಡಿತೆ, ಕೈ ತೋರಿಸಿತೆ ಎಂದು ಗುರುತು ಹಾಕುತ್ತಾರೆ. ಮರುವರ್ಷ ದೂರದ ದೊಡ್ಡ ಶಾಲೆಗೆ ಆ ಮಗು ಸೈಕಲ್ ಮೇಲೆಯೇ ಹೋಗಬೇಕಲ್ಲ!

ಇದರಿಂದ ಬರುವ ಲಾಭ ಎಂಥದೆಂದು ನಮ್ಮ ದೇಶದಲ್ಲೇ ಲೆಕ್ಕ ಹಾಕಿದ್ದಾರೆ. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಎರಡು ಸಾವಿರ ರೂಪಾಯಿ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ, 2017ರಲ್ಲಿ ಪ್ರಕಟವಾದ ಲೇಖನದಲ್ಲಿ, ಪ್ರೌಢಶಾಲೆಗೆ ಸೇರಿದ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು ತೋರಿಸಿದರು. ಹೆಚ್ಚಳ ಕಂಡದ್ದು ಮುಖ್ಯವಾಗಿ ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ. ನಮ್ಮಲ್ಲಿ ಮಾತ್ರ 2020ರ ಕೊರೊನಾ ಕಾಲದಲ್ಲಿ ಉಚಿತ ಸೈಕಲ್ ನಿಂತುಹೋಯಿತು. ಕೊಟ್ಟದ್ದು ಕಳಪೆ ಎಂದು ಹಿಂದೆ ಗೊಣಗಿದವರೂ ಆಗ ಅದರ ಬೆಲೆ ತಿಳಿದರು.

ಆ ಶಾಲೆಯ ಎದುರಿನ ರಸ್ತೆಯ ವಿಷಯ ಹೇಳಿಬಿಡುತ್ತೇನೆ. ಹಂಪ್ ಹಾಕಿಸಿ ಎಂದು ಕೊಟ್ಟ ಅರ್ಜಿಗೆ ಉತ್ತರ ಬರಲು ಎರಡು ವರ್ಷ ಹಿಡಿಯಿತು. ಅಲ್ಲಿಯ ತನಕ ತಾಯಂದಿರ ಸಭೆಯಲ್ಲಿ ಸರದಿ ಹಾಕಿಕೊಂಡೆವು. ಪ್ರಶ್ನೆ ಕೇಳಿದ ಆ ತಾಯಿಯದೇ ಮೊದಲ ವಾರ. ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಸಂಜೆ ನಾಲ್ಕೂವರೆಗೆ ಅವಳು ಹಳೆಯ ಕೆಂಪು ಸೀರೆಯ ತುಂಡನ್ನು ಕೋಲಿಗೆ ಕಟ್ಟಿ ರಸ್ತೆಯ ನಡುವೆ ನಿಲ್ಲುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳು ನಿಂತವು. ಕೆಲವು ಡ್ರೈವರುಗಳು ಬೈದರು, ಬೈದರೂ ನಿಂತರು. ಹುಡುಗಿಯರು ಸೈಕಲ್ಲಿಂದ ಇಳಿದು ತಳ್ಳಿಕೊಂಡು, ಎರಡೂ ಕಡೆ ನೋಡುತ್ತ, ಮಾತಾಡುತ್ತಲೇ ದಾಟಿದರು.